ಘಾಟಿಯಲ್ಲಿ ಕಾರು ಏಕೆ ತಿಣುಕುತ್ತದೆ? ಕೊಳ್ಳುವ ಮುನ್ನ ಈ ಒಂದು ಅಂಕಿ ನೋಡಿ

ರಜೆ ಬಂತೆಂದರೆ ಕರಾವಳಿಯ ಎಷ್ಟೋ ಕುಟುಂಬಗಳು ಘಾಟಿ ಹತ್ತುತ್ತವೆ. ಕೆಲವರಿಗೆ ತವರು ಚಿಕ್ಕಮಗಳೂರಿನಲ್ಲಿ, ಕೆಲವರ ಮಗಳನ್ನು ಕೊಟ್ಟಿರುವುದು ಹಾಸನಕ್ಕೆ. ಮತ್ತೆ ಕೆಲವರ ಮಕ್ಕಳು ಬೆಂಗಳೂರಿನಲ್ಲಿ ಓದುತ್ತಿರುತ್ತಾರೆ. ಚಾರ್ಮಾಡಿಯಾಗಲಿ, ಶಿರಾಡಿಯಾಗಲಿ, ಹದಿನಾಲ್ಕು ಹಿಮ್ಮುರಿ ತಿರುವುಗಳ ಆಗುಂಬೆಯಾಗಲಿ, ಅಲ್ಲಿ ಒಂದು ನೋಟ ಸಾಮಾನ್ಯ. ತಿರುವಿನಲ್ಲಿ ಒಂದು ಕಾರು ನಡುಗಿ ನಿಂತುಬಿಟ್ಟಿರುತ್ತದೆ. ಹಿಂದೆ ಲಾರಿಯ ಹಾರ್ನ್. ಕಾರಿನೊಳಗೆ ಮಕ್ಕಳ ಗಾಬರಿ. ಸ್ಟೇರಿಂಗ್ ಹಿಡಿದಿರುವುದು ಹೆಣ್ಣು ಎಂದಾದರೆ ತೀರ್ಪು ಆಗಲೇ ಹೊರಬಿದ್ದಿರುತ್ತದೆ: "ಹೆಂಗಸರಿಗೆ ಘಾಟಿ ಎಲ್ಲಿ ಆಗುತ್ತದೆ?"

ಈ ಮಾತು ಕೇಳಿಸಿಕೊಂಡು ಸ್ಟೇರಿಂಗನ್ನೇ ಬಿಟ್ಟುಬಿಟ್ಟ ಸಹೋದರಿಯರು ಕಡಿಮೆಯೇನಲ್ಲ. ಯಜಮಾನರು ಗಲ್ಫ್‌ನಲ್ಲಿ, ಮನೆಯಲ್ಲಿ ಕಾರು ಇದೆ, ಕೈಯಲ್ಲಿ ಲೈಸೆನ್ಸ್ ಇದೆ. ಆದರೂ ಘಾಟಿ ಹತ್ತಬೇಕಾದಾಗ ಬಾಡಿಗೆ ಚಾಲಕನಿಗಾಗಿ ಕಾಯುವುದು ತಪ್ಪುವುದಿಲ್ಲ. ಆ ಕಾರು ನಿಂತದ್ದು ಹೆಣ್ಣು ಓಡಿಸಿದ್ದಕ್ಕಲ್ಲ, ಅದಕ್ಕೆ ಬೇರೆಯೇ ಒಂದು ಕಾರಣವಿದೆ ಎಂಬುದನ್ನು ನೀವು ತಿಳಿದಿರಬೇಕು. ಆ ಕಾರಣವನ್ನು ಎಂಜಿನಿಯರುಗಳು 'ಟಾರ್ಕ್' ಎನ್ನುತ್ತಾರೆ. ನಮ್ಮ ಊರಿನ ಮೆಕ್ಯಾನಿಕ್ ಮತ್ತು ಚಾಲಕರು ಅದನ್ನೇ 'ಪಿಕಪ್' ಎನ್ನುತ್ತಾರೆ, 'ಎಳೆತ' ಎನ್ನುತ್ತಾರೆ.

ಕಾರು ಕೊಳ್ಳುವಾಗ ಬಣ್ಣ, ಸೀಟು, ಮೈಲೇಜ್ ಎಲ್ಲವನ್ನೂ ವಿಚಾರಿಸುತ್ತೇವೆ. ಈ ಒಂದು ವಿಷಯ ಮಾತ್ರ ಗಂಡಸರ ಮಾತೆಂದು ಪಕ್ಕಕ್ಕೆ ಸರಿದುಬಿಡುತ್ತದೆ. ಇದನ್ನು ಅರ್ಥ ಮಾಡಿಕೊಳ್ಳಲು ವಿಜ್ಞಾನದ ಪದವಿ ಬೇಕಿಲ್ಲ. ಅಡುಗೆ ಮನೆಯ ಅನುಭವವೇ ಸಾಕು.

ಮಿಕ್ಸಿ ಮತ್ತು ಗ್ರೈಂಡರ್

ನಿಮ್ಮ ಮಿಕ್ಸಿಯ ತಳದಲ್ಲಿ ಅಂಟಿಸಿರುವ ಚೀಟಿ ನೋಡಿ. 500 ವ್ಯಾಟ್ ಅಥವಾ 750 ವ್ಯಾಟ್ ಎಂದಿರುತ್ತದೆ. ಮೇಜಿನ ಮೇಲಿಡುವ ಗ್ರೈಂಡರಿನ ಮೋಟಾರು ಸಾಮಾನ್ಯವಾಗಿ 150 ವ್ಯಾಟ್ ಮಾತ್ರ. ಶಕ್ತಿಯ ಲೆಕ್ಕದಲ್ಲಿ ಮಿಕ್ಸಿಯೇ ದೊಡ್ಡದು. ಆದರೆ ನೆನೆಸಿದ ಅಕ್ಕಿ ಉದ್ದನ್ನು ಗಟ್ಟಿಯಾಗಿ, ಜಾರಿನ ಬಾಯಿಯವರೆಗೆ ತುಂಬಿ ಮಿಕ್ಸಿ ಹಾಕಿ ನೋಡಿ. ಒಂದು ಸುತ್ತು ತಿರುಗಿ ಗುಂಯ್ ಎಂದು ತಿಣುಕುತ್ತದೆ, ಸುಟ್ಟ ವಾಸನೆ ಬರುತ್ತದೆ. ಅದೇ ಹಿಟ್ಟನ್ನು 150 ವ್ಯಾಟಿನ ಗ್ರೈಂಡರ್ ಭಾರದ ಕಲ್ಲುಗಳ ಸಮೇತ ಆರಾಮವಾಗಿ ಅರೆಯುತ್ತದೆ.

ಇದು ಹೇಗೆ? ಮಿಕ್ಸಿ ತನ್ನ ಶಕ್ತಿಯನ್ನು ವೇಗದಲ್ಲಿ ಖರ್ಚು ಮಾಡುತ್ತದೆ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವಾಗಲೇ ಅದರ 750 ವ್ಯಾಟ್ ಹೊರಬರುವುದು. ತಿರುಗುವ ವೇಗ ಇಳಿಯಿತೆಂದರೆ ಅದರ ಕೈಲಾಗದು. ಗ್ರೈಂಡರ್ ವೇಗವನ್ನು ಬಿಟ್ಟುಕೊಟ್ಟು ಬಲವನ್ನು ಪಡೆಯುತ್ತದೆ. ಮೋಟಾರಿಗೂ ಪಾತ್ರೆಗೂ ನಡುವೆ ಬೆಲ್ಟ್ ಅಥವಾ ಗಿಯರ್ ಇರುತ್ತದೆ. ಅದು ಸುತ್ತನ್ನು ಕಡಿಮೆ ಮಾಡಿ, ತಿರುಗಿಸುವ ಬಲವನ್ನು ಅಷ್ಟೇ ಪಾಲು ಹೆಚ್ಚಿಸುತ್ತದೆ.

ತಿರುಗಿಸುವ ಈ ಬಲವೇ ಟಾರ್ಕ್. ಅದನ್ನು ಅಳೆಯುವುದು ನ್ಯೂಟನ್ ಮೀಟರ್ ಎಂಬ ಮಾನದಲ್ಲಿ. ಕಾರಿನ ಕೈಪಿಡಿಯಲ್ಲಿ ಚುಟುಕಾಗಿ ಎನ್‌ಎಂ ಎಂದಿರುತ್ತದೆ. ಒಂದು ಮೀಟರ್ ಉದ್ದದ ಹಿಡಿಕೆಯ ತುದಿಗೆ ಒಂದು ಕಿಲೋ ತೂಕ ತೂಗುಹಾಕಿದರೆ ಎಷ್ಟು ತಿರುಗುಬಲ ಬೀಳುವುದೋ ಅದು ಹತ್ತು ಎನ್‌ಎಂಗೆ ಹತ್ತಿರ. ಬೀಸುವ ಕಲ್ಲಿನ ಗೂಟ ನಡುವಿಗೆ ಹತ್ತಿರವಿದ್ದರೆ ತಿರುಗಿಸಲು ಕಷ್ಟ, ಅಂಚಿಗಿದ್ದರೆ ಸುಲಭ ಎಂಬುದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಅವರು ತಿಳಿದಿದ್ದದ್ದು ಇದೇ ಲೆಕ್ಕವನ್ನು.

ಅಶ್ವಶಕ್ತಿ ಎಂಬುದು ಬೇರೆ. ಎಷ್ಟು ಕೆಲಸವನ್ನು ಎಷ್ಟು ಬೇಗ ಮಾಡಿ ಮುಗಿಸುತ್ತದೆ ಎಂಬ ಲೆಕ್ಕ ಅದು. 75 ಕಿಲೋ ತೂಕವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಮೇಲೆತ್ತಿದರೆ ಒಂದು ಅಶ್ವಶಕ್ತಿ. ಕಾರಿನ ಕೈಪಿಡಿಯಲ್ಲಿ ಕಾಣುವ ಪಿಎಸ್ ಎಂಬುದು ಇದೇ.

ಈ ಎರಡಕ್ಕೂ ಒಂದು ಸಂಬಂಧವಿದೆ. ಟಾರ್ಕನ್ನು ನಿಮಿಷದ ಸುತ್ತುಗಳಿಂದ ಗುಣಿಸಿ, ಸುಮಾರು 7000ದಿಂದ ಭಾಗಿಸಿದರೆ ಅಶ್ವಶಕ್ತಿ ಸಿಗುತ್ತದೆ. ನಿಮ್ಮ ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಒಂದೇ ಕಾರು, ಎರಡು ಸ್ವಭಾವ

ಮಾತನ್ನು ಸ್ಪಷ್ಟಪಡಿಸಲು ನಮ್ಮ ಬೀದಿಗಳಲ್ಲೇ ಕಾಣುವ ಒಂದು ಕಾರನ್ನು ತೆಗೆದುಕೊಳ್ಳೋಣ. ಮಾರುತಿ ಸ್ವಿಫ್ಟ್ ನಮ್ಮ ದೇಶಕ್ಕೆ ಬಂದದ್ದು 2005ರಲ್ಲಿ, ಪೆಟ್ರೋಲ್ ಎಂಜಿನ್ನಿನೊಂದಿಗೆ. 2007ರಲ್ಲಿ ಅದೇ ಕಾರು ಡೀಸೆಲ್ ಎಂಜಿನ್ನಿನಲ್ಲೂ ಬಂತು. ಎರಡೂ 1.3 ಲೀಟರ್ ಎಂಜಿನ್‌ಗಳೇ. ಹೊರಗಿನಿಂದ ನೋಡಿದರೆ ಅಕ್ಕತಂಗಿಯರಂತೆ ಒಂದೇ ರೂಪ.

ಪೆಟ್ರೋಲ್ ಸ್ವಿಫ್ಟಿನ ಅಶ್ವಶಕ್ತಿ 87. ಡೀಸೆಲ್ ಸ್ವಿಫ್ಟಿನದು 75. ಇಷ್ಟನ್ನೇ ನೋಡಿದವರು ಪೆಟ್ರೋಲ್ ಕಾರೇ ಗಟ್ಟಿ ಎನ್ನುತ್ತಾರೆ. ಆದರೆ ಎರಡನ್ನೂ ಓಡಿಸಿದವರನ್ನು ಕೇಳಿ. ಜನ ತುಂಬಿಸಿಕೊಂಡು ಏರು ಹತ್ತುವಾಗ ಡೀಸೆಲ್ ಕಾರಿನ ಎಳೆತವೇ ಬೇರೆ ಎನ್ನುತ್ತಾರೆ.

ಗುಟ್ಟು ಎರಡನೇ ಸಾಲಿನಲ್ಲಿದೆ. ಪೆಟ್ರೋಲ್ ಎಂಜಿನ್ನಿನ ಗರಿಷ್ಠ ಟಾರ್ಕ್ 113 ಎನ್‌ಎಂ, ಅದೂ ನಿಮಿಷಕ್ಕೆ 4500 ಸುತ್ತು ತಿರುಗುವಾಗ. ಡೀಸೆಲ್ ಎಂಜಿನ್ನಿನ ಗರಿಷ್ಠ ಟಾರ್ಕ್ 190 ಎನ್‌ಎಂ, ಅದು 2000 ಸುತ್ತಿನಲ್ಲೇ ಸಿಕ್ಕಿಬಿಡುತ್ತದೆ.

ಈಗ ಹಿಂದಿನ ಲೆಕ್ಕ ಹಾಕಿ. 2000 ಸುತ್ತಿನಲ್ಲಿ ಡೀಸೆಲ್ ಎಂಜಿನ್ ಕೊಡುವುದು 190ನ್ನು 2000ದಿಂದ ಗುಣಿಸಿ 7000ದಿಂದ ಭಾಗಿಸಿದರೆ 54 ಅಶ್ವಶಕ್ತಿ. ಪೆಟ್ರೋಲ್ ಎಂಜಿನ್ 2000 ಸುತ್ತಿನಲ್ಲಿ ತನ್ನ ಪೂರ್ತಿ ಟಾರ್ಕ್ ಕೊಡುವುದಿಲ್ಲ. ಕೊಡುತ್ತದೆಂದೇ ಉದಾರವಾಗಿ ಒಪ್ಪಿಕೊಂಡರೂ ಸಿಗುವುದು 32 ಮಾತ್ರ. ಕೈಪಿಡಿಯಲ್ಲಿ 87 ಎಂದಿರುವ ಕಾರು, ನೀವು ಊರೊಳಗೆ ಓಡಿಸುವ ಹೊತ್ತಿನಲ್ಲಿ ಅದರ ಅರ್ಧವನ್ನೂ ಕೈಗೆ ಕೊಡುವುದಿಲ್ಲ. ಆ 87 ಪೂರ್ತಿ ಸಿಗಬೇಕಾದರೆ ಎಂಜಿನ್ನನ್ನು 6000 ಸುತ್ತಿಗೆ ಏರಿಸಬೇಕು. ಅಷ್ಟು ಕಿರುಚುವಂತೆ ಎಂಜಿನ್ನನ್ನು ಓಡಿಸುವ ಗೃಹಿಣಿಯನ್ನು ನೀವು ಕಂಡಿದ್ದೀರಾ? ಗೃಹಸ್ಥರೂ ಓಡಿಸುವುದಿಲ್ಲ. ಶಾಲೆ, ಮಾರುಕಟ್ಟೆ, ಆಸ್ಪತ್ರೆ, ನೆಂಟರ ಮನೆ ಎಂದು ತಿರುಗುವ ಕುಟುಂಬದ ಕಾರು ಬಹುಪಾಲು ಸಮಯ 1500ರಿಂದ 3000 ಸುತ್ತಿನ ಒಳಗೇ ಇರುತ್ತದೆ. ಆ ಮಿತಿಯೊಳಗೆ ಎಷ್ಟು ಎಳೆತ ಸಿಗುತ್ತದೆ ಎಂಬುದೇ ನಮಗೆ ಮುಖ್ಯ. ಅದರಾಚೆಗಿನದು ಪೆಟ್ಟಿಗೆಯಲ್ಲಿಟ್ಟ ಮದುವೆ ಸೀರೆಯಂತೆ. ಇದೆ, ಆದರೆ ದಿನನಿತ್ಯಕ್ಕೆ ಬರುವುದಿಲ್ಲ.

2005ರಲ್ಲಿ ಬಂದ ಟೊಯೋಟಾ ಇನ್ನೋವಾದ ಕತೆಯೂ ಇದೇ. ನಮ್ಮ ಬಿಡದಿಯ ಕಾರ್ಖಾನೆಯಲ್ಲೇ ತಯಾರಾದ ಈ ಕಾರಿನ ಆಗಿನ ಡೀಸೆಲ್ ಎಂಜಿನ್ನಿಗೆ ಇದ್ದದ್ದು 102 ಅಶ್ವಶಕ್ತಿ. ಅಷ್ಟು ದೊಡ್ಡ ದೇಹಕ್ಕೆ ಅದು ಹೆಚ್ಚೇನಲ್ಲ. ಆದರೆ 200 ಎನ್‌ಎಂ ಟಾರ್ಕ್ ಸುಮಾರು 1400 ಸುತ್ತಿನಿಂದಲೇ ಲಭ್ಯ. ಏಳು ಜನ, ಮೇಲೆ ಪೆಟ್ಟಿಗೆಗಳು, ಒಳಗೆ ಏಸಿ ಇದ್ದರೂ ಗಾಡಿ ಅವಸರವಿಲ್ಲದೆ ಘಾಟಿ ಏರುತ್ತಿದ್ದುದು ಇದರಿಂದಲೇ.

ಎಂಜಿನ್ ಕೆಳಗೆ ಏಕೆ ಬಡವಾಗುತ್ತದೆ?

ಎಂಜಿನ್ ಎಂದರೆ ಉಸಿರಾಡುವ ಯಂತ್ರ. ಗಾಳಿ ಎಳೆದುಕೊಳ್ಳುತ್ತದೆ, ಇಂಧನದೊಂದಿಗೆ ಉರಿಸುತ್ತದೆ, ಹೊಗೆ ಬಿಡುತ್ತದೆ. ಒಂದು ಉಸಿರಿನಲ್ಲಿ ಎಷ್ಟು ಗಾಳಿ ತುಂಬಿತೋ ಅಷ್ಟು ಬಲ. ಗಾಳಿ ಒಳಬರುವ ಕವಾಟಗಳು ಎಷ್ಟು ಹೊತ್ತು ತೆರೆದಿರಬೇಕು ಎಂಬುದನ್ನು ತಯಾರಕರು ಮೊದಲೇ ನಿಗದಿಪಡಿಸಿರುತ್ತಾರೆ. ಹೆಚ್ಚಿನ ವೇಗಕ್ಕೆ ಹೊಂದುವಂತೆ ನಿಗದಿಪಡಿಸಿದರೆ, ನಿಧಾನವಾಗಿ ತಿರುಗುವಾಗ ಒಳಬಂದ ಗಾಳಿಯಲ್ಲಿ ಸ್ವಲ್ಪ ಮತ್ತೆ ಹೊರಕ್ಕೇ ತಳ್ಳಲ್ಪಡುತ್ತದೆ. ಉಸಿರು ಪೂರ್ತಿ ತುಂಬುವುದಿಲ್ಲ. ತೀರಾ ವೇಗವಾಗಿ ತಿರುಗುವಾಗ ಗಾಳಿ ತುಂಬಲು ಸಮಯವೇ ಸಾಲದು. ಹೀಗಾಗಿ ನಡುವೆ ಎಲ್ಲೋ ಒಂದು ಕಡೆ ಟಾರ್ಕ್ ಗರಿಷ್ಠವಾಗುತ್ತದೆ, ಎರಡೂ ಬದಿಗೆ ಇಳಿಯುತ್ತದೆ. ಈಚಿನ ಪೆಟ್ರೋಲ್ ಎಂಜಿನ್‌ಗಳಲ್ಲಿ ಕವಾಟದ ಸಮಯವನ್ನು ವೇಗಕ್ಕೆ ತಕ್ಕಂತೆ ಬದಲಿಸುವ ವ್ಯವಸ್ಥೆ ಇರುತ್ತದೆ. ಅದರಿಂದ ಕೆಳಗಿನ ಎಳೆತ ಕೊಂಚ ಸುಧಾರಿಸಿದೆ.

ಇನ್ನೊಂದು ಉಪಾಯ ಟರ್ಬೊ. ಹೊರಹೋಗುವ ಹೊಗೆಯ ರಭಸದಿಂದ ಒಂದು ಪುಟ್ಟ ಚಕ್ರ ತಿರುಗುತ್ತದೆ. ಅದಕ್ಕೆ ಜೋಡಿಸಿದ ಮತ್ತೊಂದು ಚಕ್ರ ಗಾಳಿಯನ್ನು ಒತ್ತಿ ಎಂಜಿನ್ನಿನೊಳಗೆ ತುಂಬುತ್ತದೆ. ಒಲೆಗೆ ಊದುಗೊಳವೆಯಿಂದ ಊದಿದಂತೆ. ಹೆಚ್ಚು ಗಾಳಿ, ಹೆಚ್ಚು ಇಂಧನ, ಹೆಚ್ಚು ಬಲ. ಡೀಸೆಲ್ ಎಂಜಿನ್‌ಗಳ ಎಳೆತಕ್ಕೆ ದೊಡ್ಡ ಕಾರಣ ಇದು. ಈಗ ಪೆಟ್ರೋಲ್ ಎಂಜಿನ್‌ಗಳಿಗೂ ಇದು ಬಂದಿದೆ.

2019ರಲ್ಲಿ ಬಂದ ಹ್ಯುಂಡೈ ವೆನ್ಯೂ ಕಾರನ್ನು ನೋಡಿ. ಅದು ಎರಡು ಪೆಟ್ರೋಲ್ ಎಂಜಿನ್‌ಗಳಲ್ಲಿ ಬಂತು. ಟರ್ಬೊ ಇಲ್ಲದ 1.2 ಲೀಟರ್ ಎಂಜಿನ್ 4000 ಸುತ್ತಿನಲ್ಲಿ 114 ಎನ್‌ಎಂ ಕೊಡುತ್ತದೆ. ಟರ್ಬೊ ಇರುವ 1 ಲೀಟರ್ ಎಂಜಿನ್ ಗಾತ್ರದಲ್ಲಿ ಅದಕ್ಕಿಂತ ಚಿಕ್ಕದು. ಆದರೂ 1500ರಿಂದ 4000 ಸುತ್ತಿನವರೆಗೆ 172 ಎನ್‌ಎಂ ಕೊಡುತ್ತದೆ. ಸಿಸಿ ದೊಡ್ಡದಿದ್ದರೆ ಎಳೆತವೂ ದೊಡ್ಡದು ಎಂಬ ಹಳೆಯ ನಂಬಿಕೆ ಈಗ ಪೂರ್ತಿ ನಿಜವಲ್ಲ.

ಟರ್ಬೊದ ಒಂದು ದೌರ್ಬಲ್ಯವನ್ನೂ ಹೇಳಲೇಬೇಕು. ಎಂಜಿನ್ ತೀರಾ ನಿಧಾನವಾದಾಗ ಹೊಗೆಯ ರಭಸ ಸಾಲುವುದಿಲ್ಲ, ಟರ್ಬೊ ಮಲಗಿಬಿಡುತ್ತದೆ. ಮೇಲೆ ಹೇಳಿದ ಡೀಸೆಲ್ ಸ್ವಿಫ್ಟ್ ಇದಕ್ಕೆ ಹೆಸರುವಾಸಿ. ಸುಮಾರು 1800 ಸುತ್ತಿಗಿಂತ ಕೆಳಗಿಳಿದರೆ ಗಾಡಿ ಮಂಕಾಗುತ್ತದೆ. ಆಕ್ಸಿಲರೇಟರ್ ಒತ್ತಿದರೂ ಒಂದು ಕ್ಷಣ ಏನೂ ಆಗುವುದಿಲ್ಲ, ಮತ್ತೆ ಒಮ್ಮೆಲೇ ನುಗ್ಗುತ್ತದೆ. ಮಾರುತಿ ಕಂಪೆನಿ 2020ರ ಏಪ್ರಿಲ್‌ನಿಂದ ಡೀಸೆಲ್ ಕಾರುಗಳನ್ನು ನಿಲ್ಲಿಸಿತು. ಆದರೆ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಈ ಕಾರು ಕಾಣಸಿಗುತ್ತದೆ. ಕೊಳ್ಳುವವರು 190 ಎಂಬ ಅಂಕಿಗೆ ಮರುಳಾಗುವ ಮುನ್ನ ಈ ಸ್ವಭಾವವನ್ನೂ ತಿಳಿದಿರಬೇಕು. ಗರಿಷ್ಠ ಟಾರ್ಕ್ ಎಷ್ಟು ಎಂಬುದರಷ್ಟೇ ಮುಖ್ಯ, ಅದು ಎಲ್ಲಿಂದ ಶುರುವಾಗುತ್ತದೆ ಎಂಬುದು.

ಘಾಟಿಗೆ ನಿಜವಾಗಿ ಎಷ್ಟು ಶಕ್ತಿ ಬೇಕು?

ಈಗ ಆ ತಿರುವಿನಲ್ಲಿ ನಿಂತ ಕಾರಿಗೆ ಮರಳೋಣ. ಕಾರಿನ ತೂಕ ಸುಮಾರು ಒಂದು ಟನ್. ಒಳಗೆ ಐದು ಜನ, ಸಾಮಾನು ಸೇರಿ 1400 ಕಿಲೋ ಎಂದಿಟ್ಟುಕೊಳ್ಳಿ. ಹದಿನೈದು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೇರುವ ದಾರಿ. ಆ ಏರಿನಲ್ಲಿ ಕಾರು ಹಿಂದಕ್ಕೆ ಜಾರದೆ ನಿಲ್ಲಲೆಂದೇ 1400ರ ಹದಿನೈದನೇ ಒಂದು ಪಾಲು, ಅಂದರೆ 93 ಕಿಲೋ ತೂಕದಷ್ಟು ಎಳೆತ ಬೇಕು. ಐವತ್ತು ಕಿಲೋದ ಎರಡು ಅಕ್ಕಿ ಮೂಟೆಗಳನ್ನು ಹಗ್ಗ ಕಟ್ಟಿ ಹಿಡಿದುಕೊಂಡಂತೆ. ಟೈರು ಉರುಳುವ ಪ್ರತಿರೋಧವನ್ನೂ ಸೇರಿಸಿ, ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಈ ಏರು ಹತ್ತಲು ಎಂಜಿನ್ ಕೊಡಬೇಕಾದದ್ದು ಸುಮಾರು ಹನ್ನೆರಡು ಅಶ್ವಶಕ್ತಿ.

ಬರೀ ಹನ್ನೆರಡು! ಹಳೆಯ ಮಾರುತಿ 800ರಲ್ಲೂ ಅದರ ಮೂರು ಪಟ್ಟು ಇತ್ತು. ಹಾಗಾದರೆ 87 ಅಶ್ವಶಕ್ತಿಯ ಕಾರು ಏಕೆ ನಿಂತಿತು?

ಅದು ಮೂರನೇ ಗಿಯರ್‌ನಲ್ಲಿತ್ತು, ಅಷ್ಟೇ. ಇಂಥ ಸಣ್ಣ ಪೆಟ್ರೋಲ್ ಕಾರಿನಲ್ಲಿ 25 ಕಿಲೋಮೀಟರ್ ವೇಗಕ್ಕೆ ಮೂರನೇ ಗಿಯರ್ ಹಾಕಿದರೆ ಎಂಜಿನ್ ತಿರುಗುವುದು ನಿಮಿಷಕ್ಕೆ 1200 ಸುತ್ತಿನ ಹತ್ತಿರ. ಲೆಕ್ಕ ಹಾಕಿ: ಪೂರ್ತಿ 113 ಎನ್‌ಎಂ ಸಿಕ್ಕರೂ ಇಪ್ಪತ್ತು ಅಶ್ವಶಕ್ತಿ ದಾಟುವುದಿಲ್ಲ, ನಿಜಕ್ಕೂ ಸಿಗುವುದು ಇನ್ನೂ ಕಡಿಮೆ. ಅದರಲ್ಲಿ ಹನ್ನೆರಡು ಏರಿಗೇ ಹೋಯಿತು. ಏಸಿಯ ಕಂಪ್ರೆಸರ್ ಕೂಡ ಎಂಜಿನ್ನಿನ ಬೆಲ್ಟಿನಿಂದಲೇ ತಿರುಗುವುದು, ಅದು ತನ್ನ ಪಾಲು ತೆಗೆದುಕೊಂಡಿತು. ತಿರುವಿನಲ್ಲಿ ಏರು ಇನ್ನಷ್ಟು ಕಡಿದಾಗುತ್ತದೆ, ವೇಗ ಹದಿನೈದಕ್ಕೆ ಇಳಿಯುತ್ತದೆ. ವೇಗ ಇಳಿದಂತೆ ಸುತ್ತು ಇಳಿಯುತ್ತದೆ, ಸುತ್ತು ಇಳಿದಂತೆ ಬಲ ಕುಗ್ಗುತ್ತದೆ. ಬಲ ಕುಗ್ಗಿದಾಗ ವೇಗ ಇನ್ನೂ ಇಳಿಯುತ್ತದೆ. ಕೊನೆಗೆ ಗಡಗಡ ನಡುಗಿ ನಿಲ್ಲುತ್ತದೆ.

ಅದೇ ಕಾರನ್ನು ಎರಡನೇ ಗಿಯರ್‌ಗೆ ಇಳಿಸಿದ್ದರೆ ಅದೇ 25ರ ವೇಗಕ್ಕೆ ಎಂಜಿನ್ ಸುಮಾರು 1800 ಸುತ್ತು ತಿರುಗುತ್ತಿತ್ತು. ಕೈಗೆ ಸಿಗುವ ಶಕ್ತಿ ಒಂದೂವರೆ ಪಟ್ಟು. ಗ್ರೈಂಡರಿನ ಬೆಲ್ಟ್ ಮಾಡುವ ಕೆಲಸವನ್ನೇ ಇಲ್ಲಿ ಗಿಯರ್ ಮಾಡುತ್ತದೆ. ಎಂಜಿನ್ನಿನ ಸುತ್ತು ಹೆಚ್ಚು, ಚಕ್ರದ ಸುತ್ತು ಕಡಿಮೆ, ಚಕ್ರಕ್ಕೆ ಹೋಗುವ ಬಲ ಹೆಚ್ಚು. ಕಡಿದಾದ ತಿರುವಿಗೆ ಮೊದಲನೇ ಗಿಯರ್ ಹಾಕಿದರೂ ನಾಚಿಕೆಯೇನಿಲ್ಲ. ಅದು ಇರುವುದೇ ಅದಕ್ಕೆ.

ಆದ್ದರಿಂದ ಪೆಟ್ರೋಲ್ ಕಾರು ಘಾಟಿಗೆ ಆಗದು ಎಂದು ಯಾರೂ ತಿಳಿಯಬೇಡಿ. ಅದನ್ನು ಹೆಚ್ಚು ಸುತ್ತಿನಲ್ಲಿಟ್ಟು ಓಡಿಸಬೇಕು, ಗಿಯರ್ ಪದೇ ಪದೇ ಬದಲಿಸಬೇಕು. ಕೆಳಗಿನ ಸುತ್ತಿನಲ್ಲೇ ಎಳೆತವಿರುವ ಕಾರು ಈ ಶ್ರಮವನ್ನು ಕಡಿಮೆ ಮಾಡುತ್ತದೆ, ಅಂದಾಜು ತುಸು ತಪ್ಪಿದರೂ ಸಹಿಸಿಕೊಳ್ಳುತ್ತದೆ. ಹೊಸದಾಗಿ ಕಲಿತವರಿಗೆ, ಅಪರೂಪಕ್ಕೆ ಓಡಿಸುವವರಿಗೆ, ಹಿಂದಿನ ಸೀಟಿನಲ್ಲಿ ಮಗು ಅಳುತ್ತಿರುವಾಗ ಓಡಿಸುವ ತಾಯಿಗೆ ಇದು ಸಣ್ಣ ಸಹಾಯವಲ್ಲ.

ಓಡಿಸುವಾಗ ನೆನಪಿಡಬೇಕಾದದ್ದು

ಮೈಲೇಜ್ ಉಳಿಸಲು ಬೇಗ ಬೇಗ ಮೇಲಿನ ಗಿಯರ್ ಹಾಕಬೇಕು ಎಂದು ನಮಗೆಲ್ಲ ಹೇಳಿಕೊಟ್ಟಿರುತ್ತಾರೆ. ಸಮತಟ್ಟಾದ ರಸ್ತೆಯಲ್ಲಿ ಇದು ಸರಿ. ಏರಿನಲ್ಲಿ ಇದು ತಪ್ಪು ಉಳಿತಾಯ. ಆಕ್ಸಿಲರೇಟರ್ ಒತ್ತಿದರೂ ಗಾಡಿ ಮುಂದೆ ಹೋಗುತ್ತಿಲ್ಲ, ಗಿಯರ್ ಕಡ್ಡಿ ನಡುಗುತ್ತಿದೆ, ಎಂಜಿನ್ನಿನಿಂದ ಟಕಟಕ ಸದ್ದು ಬರುತ್ತಿದೆ ಎಂದರೆ ಎಂಜಿನ್ ನಿಮ್ಮಲ್ಲಿ ಕೆಳಗಿನ ಗಿಯರ್ ಕೇಳುತ್ತಿದೆ ಎಂದೇ ಅರ್ಥ. ಆಗ ಇನ್ನಷ್ಟು ಒತ್ತುವುದರಿಂದ ಇಂಧನ ದಂಡ, ಬೇರಿಂಗ್‌ಗಳಿಗೂ ಗಿಯರ್ ಬಾಕ್ಸಿಗೂ ಪೆಟ್ಟು.

ಗಿಯರನ್ನು ತಿರುವಿಗೆ ಮುಂಚೆಯೇ ಇಳಿಸಿ, ತಿರುವಿನ ನಡುವೆ ಅಲ್ಲ. ತಿರುವಿನಲ್ಲಿ ಕ್ಲಚ್ ಒತ್ತಿದರೆ ಆ ಒಂದೆರಡು ಸೆಕೆಂಡ್ ಚಕ್ರಕ್ಕೆ ಬಲವೇ ಇರುವುದಿಲ್ಲ. ಟರ್ಬೊ ಕಾರಾದರೆ ಅದು ಮಲಗುವುದೂ ಆಗಲೇ.

ಹಾಫ್ ಕ್ಲಚ್‌ನಲ್ಲಿ ಗಾಡಿಯನ್ನು ಏರಿನಲ್ಲಿ ಹಿಡಿದು ನಿಲ್ಲಿಸುವ ಅಭ್ಯಾಸ ಬಿಡಿ. ಸುಟ್ಟ ವಾಸನೆ ಬಂದರೆ ಅದು ಕ್ಲಚ್ ಪ್ಲೇಟಿನ ಅಳು. ಏರಿನಲ್ಲಿ ನಿಂತು ಹೊರಡಬೇಕಾದಾಗ ಹ್ಯಾಂಡ್ ಬ್ರೇಕ್ ಎಳೆಯಿರಿ, ಮೊದಲನೇ ಗಿಯರ್ ಹಾಕಿ. ಆಕ್ಸಿಲರೇಟರನ್ನು ಸ್ವಲ್ಪ ಒತ್ತಿ ಹಿಡಿದು ಕ್ಲಚ್ ನಿಧಾನ ಬಿಡುತ್ತಾ ಬನ್ನಿ. ಕಾರಿನ ಮೂಗು ಕೊಂಚ ಮೇಲೆದ್ದಂತೆ ಅನ್ನಿಸುತ್ತದೆ. ಆಗ ಹ್ಯಾಂಡ್ ಬ್ರೇಕ್ ಇಳಿಸಿ. ಸುಮ್ಮನೆ ನಿಂತಿರುವ ಎಂಜಿನ್ ತಿರುಗುವುದು ಸುಮಾರು 800 ಸುತ್ತು. ಆ ಸುತ್ತಿನಲ್ಲಿ ಯಾವ ಎಂಜಿನ್ನಿಗೂ ಹೆಚ್ಚು ಬಲವಿಲ್ಲ. ಆದ್ದರಿಂದಲೇ ಹೊರಡುವ ಮುನ್ನ ಆಕ್ಸಿಲರೇಟರಿನ ಆಸರೆ ಬೇಕು. ಕಿರಿದಾದ ಗುಡ್ಡದ ದಾರಿಯಲ್ಲಿ ಇಳಿಯುವ ವಾಹನ ಏರುವ ವಾಹನಕ್ಕೆ ದಾರಿ ಬಿಡಬೇಕು ಎಂಬ ನಿಯಮವಿದೆ. ಏರಿನಲ್ಲಿ ನಿಂತ ಗಾಡಿಯನ್ನು ಮತ್ತೆ ಹೊರಡಿಸುವುದು ಎಷ್ಟು ಕಷ್ಟವೆಂದು ತಿಳಿದರೆ ಆ ನಿಯಮದ ನ್ಯಾಯವೂ ಅರ್ಥವಾಗುತ್ತದೆ.

ಲಾರಿಯನ್ನು ಹಿಂದಿಕ್ಕುವಾಗಲೂ ಇದೇ ಪಾಠ. ಮೇಲಿನ ಗಿಯರ್‌ನಲ್ಲಿ, ಕಡಿಮೆ ಸುತ್ತಿನಲ್ಲಿ ಹೊರಬಂದರೆ ಕಾರು ಲಾರಿಯ ಪಕ್ಕದಲ್ಲೇ ತೇಲುತ್ತಾ ಉಳಿಯುತ್ತದೆ. ಎದುರಿನಿಂದ ಬಸ್ಸು ಬಂದರೆ ಅಪಾಯ ತಪ್ಪಿದ್ದಲ್ಲ. ಮೊದಲು ಗಿಯರ್ ಇಳಿಸಿ, ಎಂಜಿನ್ ಸದ್ದು ಏರಿದ ಮೇಲೆ ಹೊರಬನ್ನಿ. ದಾರಿ ಪೂರ್ತಿ ಕಾಣದಿದ್ದರೆ ಹಿಂದೆಯೇ ಇರಿ.

ಗ್ಯಾಸ್, ಆಟೊಮ್ಯಾಟಿಕ್, ವಿದ್ಯುತ್ ಕಾರು

ಖರ್ಚು ಕಡಿಮೆ ಎಂದು ಸಿಎನ್‌ಜಿ ಕಾರು ಕೊಳ್ಳುವವರು ಹೆಚ್ಚುತ್ತಿದ್ದಾರೆ. ಗ್ಯಾಸಿನಲ್ಲಿ ಓಡುವಾಗ ಎಳೆತ ಸ್ವಲ್ಪ ಇಳಿಯುತ್ತದೆ. 1 ಲೀಟರ್ ಎಂಜಿನ್ನಿನ ವ್ಯಾಗನ್ ಆರ್ ಪೆಟ್ರೋಲ್‌ನಲ್ಲಿ 89 ಎನ್‌ಎಂ ಕೊಟ್ಟರೆ, ಸಿಎನ್‌ಜಿಯಲ್ಲಿ ಕೊಡುವುದು 82. ಜೊತೆಗೆ ಸಿಲಿಂಡರಿನ ಭಾರ ಬೇರೆ. ಊರೊಳಗಿನ ಓಡಾಟಕ್ಕೆ ಇದು ಸಾಕು. ಪದೇ ಪದೇ ಘಾಟಿ ಹತ್ತುವ ಮನೆಯವರು ಮಾತ್ರ ಯೋಚಿಸಿ ಕೊಳ್ಳಬೇಕು. ಗ್ಯಾಸಿನಲ್ಲಿ ತಿಣುಕಿದರೆ ಆ ಏರಿನ ಮಟ್ಟಿಗೆ ಪೆಟ್ರೋಲಿಗೆ ಬದಲಿಸಿಕೊಳ್ಳಬಹುದು.

ಆಟೊಮ್ಯಾಟಿಕ್ ಕಾರು ಹೆಣ್ಣುಮಕ್ಕಳಿಗೆ ಅನುಕೂಲವೆಂಬುದು ನಿಜ. 2014ರಲ್ಲಿ ಸೆಲೆರಿಯೊ ಕಾರಿನೊಂದಿಗೆ ಬಂದ ಎಎಂಟಿ ಎಂಬ ಅಗ್ಗದ ಬಗೆಯಲ್ಲಿ ಕ್ಲಚ್ ಪೆಡಲ್ ಇರುವುದಿಲ್ಲ, ಗಿಯರನ್ನು ಯಂತ್ರವೇ ಬದಲಿಸುತ್ತದೆ. ಆದರೆ ಮುಂದೆ ತಿರುವಿದೆ ಎಂದು ಅದಕ್ಕೆ ತಿಳಿಯದು. ತಿರುವಿನ ಬಾಯಲ್ಲೇ ಮೇಲಿನ ಗಿಯರ್ ಹಾಕಿಬಿಡಬಹುದು. ಘಾಟಿಯಲ್ಲಿ ಕಡ್ಡಿಯನ್ನು ಮ್ಯಾನುಯಲ್‌ಗೆ ಸರಿಸಿ ಎರಡನೇ ಗಿಯರ್‌ನಲ್ಲಿ ಹಿಡಿದಿಟ್ಟುಕೊಳ್ಳುವುದು ಒಳ್ಳೆಯದು.

ವಿದ್ಯುತ್ ಕಾರಿನ ಲೆಕ್ಕವೇ ಬೇರೆ. ವಿದ್ಯುತ್ ಮೋಟಾರು ಉಸಿರಾಡಬೇಕಿಲ್ಲ. ನಿಂತಲ್ಲಿಂದಲೇ ಪೂರ್ತಿ ಟಾರ್ಕ್ ಕೊಡುತ್ತದೆ. 2020ರಲ್ಲಿ ಬಂದ ಟಾಟಾ ನೆಕ್ಸಾನ್ ವಿದ್ಯುತ್ ಕಾರಿನಲ್ಲಿ 245 ಎನ್‌ಎಂ ಇತ್ತು. ಅದಕ್ಕೆ ಗಿಯರ್ ಬದಲಿಸುವ ಗೋಜಿಲ್ಲ, ಏರಿನಲ್ಲಿ ಎಂಜಿನ್ ನಿಂತುಹೋಗುವ ಭಯವೂ ಇಲ್ಲ. ಚಾರ್ಜಿನ ಲೆಕ್ಕ ಮಾತ್ರ ಸರಿಯಾಗಿರಬೇಕು. ಏರಿನಲ್ಲಿ ಅದು ಬೇಗ ಖರ್ಚಾಗುತ್ತದೆ, ಇಳಿಯುವಾಗ ಸ್ವಲ್ಪ ಮರಳಿ ಬರುತ್ತದೆ.

ಷೋರೂಮಿನಲ್ಲಿ ನೀವು ಕೇಳಬೇಕಾದದ್ದು

ಕಾರು ಕೊಳ್ಳುವುದೆಂದರೆ ಮನೆಯ ಹಲವು ವರ್ಷಗಳ ಉಳಿತಾಯ ಒಂದೇ ದಿನ ಕೈದಾಟುವುದು. ಆ ತೀರ್ಮಾನದಲ್ಲಿ ನಿಮ್ಮ ಮಾತೂ ಇರಲಿ. ಕೈಪಿಡಿಯ ಕೊನೆಯ ಪುಟ ತಿರುವಿ 'ಗರಿಷ್ಠ ಟಾರ್ಕ್' ಎಂಬ ಸಾಲು ಹುಡುಕಿ. ಮೊದಲ ಅಂಕಿ ಬಲ, ಆಮೇಲಿನ ಅಂಕಿ ಸುತ್ತು. ಆ ಎರಡನೇ ಅಂಕಿಯನ್ನು ಮರೆಯದೆ ನೋಡಿ. ಅದು 1500, 2000 ಎಂದಿದ್ದರೆ ಕಾರು ಕೆಳಗಿನಿಂದಲೇ ಎಳೆಯುತ್ತದೆ. 4000, 4500 ಎಂದಿದ್ದರೆ ಗಿಯರ್ ಬದಲಿಸುತ್ತಾ ಎಳೆಸಿಕೊಳ್ಳಬೇಕು. ನಿಮ್ಮ ಓಡಾಟ ಸಮತಟ್ಟಾದ ಊರೊಳಗೇ, ಇಬ್ಬರು ಮೂವರೇ ಕೂರುವುದು ಎಂದಾದರೆ ಎರಡನೆಯದೂ ಸಾಕು. ಸುಮ್ಮನೆ ಹೆಚ್ಚು ದುಡ್ಡು ಸುರಿಯಬೇಕಿಲ್ಲ.

ಪರೀಕ್ಷೆಗೆ ಓಡಿಸಿ ನೋಡುವಾಗ ಒಬ್ಬರೇ ಹೋಗಬೇಡಿ, ಮನೆಯವರನ್ನೆಲ್ಲ ಕೂರಿಸಿಕೊಳ್ಳಿ. ಏಸಿ ಹಾಕಿಸಿ. ಷೋರೂಮಿನವರು ತೋರಿಸುವ ನೇರ ರಸ್ತೆ ಬಿಟ್ಟು ಹತ್ತಿರದ ಒಂದು ಏರಿಗೆ ಹೋಗಿ. ರಸ್ತೆ ಉಬ್ಬಿನಲ್ಲಿ ನಿಧಾನಿಸಿ, ಎರಡನೇ ಗಿಯರ್‌ನಲ್ಲೇ ಮತ್ತೆ ಆಕ್ಸಿಲರೇಟರ್ ಒತ್ತಿ ನೋಡಿ. ಗಂಟೆಗೆ 30ರ ವೇಗದಲ್ಲಿ ಮೂರನೇ ಗಿಯರ್ ಹಾಕಿ ಮೆಲ್ಲನೆ ಒತ್ತಿ. ನಡುಗದೆ ಮುಂದೆ ಸಾಗಿದರೆ ಅದು ಕುಟುಂಬಕ್ಕೆ ಹೊಂದುವ ಕಾರು. ಸೆಕೆಂಡ್ ಹ್ಯಾಂಡ್ ಕಾರಾದರೆ ಈ ಪರೀಕ್ಷೆ ಇನ್ನೂ ಅಗತ್ಯ. ಕ್ಲಚ್ ಸವೆದಿದ್ದರೆ ಎಂಜಿನ್ ಸದ್ದು ಏರುತ್ತದೆ, ಗಾಡಿಯ ವೇಗ ಏರುವುದಿಲ್ಲ. ಟರ್ಬೊ ಕೆಟ್ಟಿದ್ದರೆ 2000 ಸುತ್ತು ದಾಟಿದರೂ ಎಳೆತ ಬರುವುದಿಲ್ಲ.

ಇನ್ನು ಕಾರು ಈಗಾಗಲೇ ಮನೆಯಲ್ಲಿರುವ ಸಹೋದರಿಯರಿಗೆ ಒಂದು ಮಾತು. ನಿಮ್ಮ ಕಾರಿನ ಕೈಪಿಡಿ ಎಲ್ಲಿದೆ ಎಂದು ಇಂದೇ ಹುಡುಕಿ, ಆ ಸಾಲು ಓದಿ. ಒಂದು ಭಾನುವಾರ ಬೆಳಿಗ್ಗೆ, ವಾಹನ ಸಂಚಾರ ಕಡಿಮೆ ಇರುವಾಗ, ಓಡಿಸಲು ಬಲ್ಲ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರಿನ ಯಾವುದಾದರೂ ಗುಡ್ಡದ ರಸ್ತೆಗೆ ಹೋಗಿ. ಏರಿನಲ್ಲಿ ಬೇಕೆಂದೇ ನಿಲ್ಲಿಸಿ, ಮತ್ತೆ ಹೊರಡಿಸಿ. ಹತ್ತು ಸಲ ಮಾಡಿ. ಎಂಜಿನ್ ನಿಂತರೆ ನಿಲ್ಲಲಿ, ಹ್ಯಾಂಡ್ ಬ್ರೇಕ್ ಇದೆಯಲ್ಲ. ಎಷ್ಟು ಸುತ್ತಿನಲ್ಲಿ ನಿಮ್ಮ ಕಾರಿಗೆ ಬಲ ಬರುತ್ತದೆ ಎಂಬುದನ್ನು ಕಿವಿ ಮತ್ತು ಕಾಲು ಒಮ್ಮೆ ಕಲಿತವೆಂದರೆ, ಮುಂದಿನ ರಜೆಗೆ ಚಾರ್ಮಾಡಿ ಹತ್ತಲು ಬಾಡಿಗೆ ಚಾಲಕನಿಗಾಗಿ ಕಾಯುತ್ತಾ ಕೂರಬೇಕಾಗಿಲ್ಲ.